ಮಗುವಿನ ಅನ್ನಕ್ಕೆ ಎಂಥ ರಾಜಿ?

1985ರ ಶಾಬಾನು ತೀರ್ಪಿನಿಂದ 2019ರ ತ್ರಿವಳಿ ತಲಾಖ್ ಕಾಯ್ದೆಯವರೆಗೆ ಪರ-ವಿರೋಧದ ಎರಡೂ ಕಡೆಯವರು ಗಂಟಲು ಹರಿಯುವಂತೆ ಕೂಗಿದರು. ಆ ಗದ್ದಲದಲ್ಲಿ ಮಕ್ಕಳ ಹೊಟ್ಟೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸಂಸಾರ ಮುರಿದಾಗ ಹಿರಿಯರು ಕೂತು ನಡೆಸುವ ಪಂಚಾಯಿತಿಯ ಪರಿ ನಮಗೆ ಗೊತ್ತಿರುವುದೇ. ಕೆಜಿಎಫ್‌ನ ನಂದಿದುರ್ಗವಾದರೇನು, ಬಂಗಾರಪೇಟೆಯಾದರೇನು? ಮಹ್ರ್ ಎಷ್ಟು, ಇದ್ದತ್ತಿನ ಖರ್ಚೆಷ್ಟು, ಜಹೇಜಿನ ಬೀರು ಯಾರಿಗೆ ಎಂದು ಗಂಟೆಗಟ್ಟಲೆ ಚೌಕಾಸಿ. ಕೊನೆಗೆ ಸ್ಟಾಂಪ್ ಕಾಗದದಲ್ಲಿ ಒಂದು ಸಾಲು: ಮಕ್ಕಳು ತಾಯಿಯ ಬಳಿ ಇರತಕ್ಕದ್ದು, ಮುಂದೆ ಏನನ್ನೂ ಕೇಳತಕ್ಕದ್ದಲ್ಲ. ಬಿಡುಗಡೆ ಸಿಕ್ಕರೆ ಸಾಕೆಂದು ಆಕೆ ಸಹಿ ಹಾಕುತ್ತಾಳೆ. ಮಹ್ರ್ ಅವಳದು, ಬೇಕಿದ್ದರೆ ಬಿಟ್ಟುಕೊಡಲಿ. ಮಗುವಿನ ಅನ್ನವನ್ನು ಬಿಟ್ಟುಕೊಡುವ ಅಧಿಕಾರ ಅವಳಿಗೆಲ್ಲಿದೆ? ಬರೆಸಿಕೊಂಡವರಿಗಾದರೂ ಎಲ್ಲಿದೆ?

‘ಎರಡು ವರ್ಷ ಕೊಟ್ಟರೆ ಮುಗಿಯಿತು’ ಎನ್ನುವ ಪಂಡಿತರೂ ಇದ್ದಾರೆ. ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ವಚನದಲ್ಲಿ ಎರಡು ವರ್ಷ ಬರುವುದು ಹಾಲೂಡಿಸುವ ಅವಧಿಯಾಗಿ, ತಂದೆಯ ಹೊಣೆ ತೀರುವ ಗಡುವಾಗಿ ಅಲ್ಲ. 1986ರ ಕಾಯ್ದೆಯಲ್ಲಿರುವ ಎರಡು ವರ್ಷವನ್ನೂ ಹೀಗೇ ತಿರುಚಲಾಯಿತು. ಮೂವರು ಮಕ್ಕಳ ತಾಯಿ ನೂರ್ ಸಬಾ ಖಾತೂನ್ ಸುಪ್ರೀಂ ಕೋರ್ಟಿನವರೆಗೆ ಹೋದರು. ಮಕ್ಕಳ ಹಕ್ಕು ತಾಯಿಯ ಹಕ್ಕಿನಿಂದ ಬೇರೆ, ಅದು ಎರಡು ವರ್ಷಕ್ಕೆ ನಿಲ್ಲುವುದಿಲ್ಲ ಎಂದು 1997ರಲ್ಲಿ ತೀರ್ಪಾಯಿತು. ಸುದ್ದಿ ನಮ್ಮ ಪಂಚಾಯಿತಿಗಳಿಗೆ ಇನ್ನೂ ತಲುಪಿದಂತಿಲ್ಲ.

ಅತ್ತಲಾಖ್ ಅಧ್ಯಾಯವಂತೂ, ವಿಚ್ಛೇದಿತೆ ಮಗುವಿಗೆ ಹಾಲೂಡಿಸಿದರೆ ತಂದೆ ಅದಕ್ಕೆ ಕೂಲಿ ಕೊಡಬೇಕೆನ್ನುತ್ತದೆ. ಎದೆಹಾಲನ್ನೂ ದುಡಿಮೆಯೆಂದು ಲೆಕ್ಕ ಹಿಡಿದ ಗ್ರಂಥವನ್ನು ಕಣ್ಣಿಗೊತ್ತಿಕೊಳ್ಳುವವರು ಪ್ಯಾಕೆಟ್ ಹಾಲಿನ ದುಡ್ಡಿಗೆ ತಕರಾರು ತೆಗೆಯುತ್ತಾರೆ!

ಹಾಗಾದರೆ ಎಷ್ಟು ಕೊಡಬೇಕು? ಗಂಡ ಜಿಪುಣನೆಂದು ಹಿಂದ್ ಪ್ರವಾದಿ(ಸ)ಯವರಲ್ಲಿ ದೂರಿದಾಗ, ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಅವನ ಹಣದಿಂದ ತೆಗೆದುಕೊಳ್ಳಲು ಆಕೆಗೆ ಅನುಮತಿ ಸಿಕ್ಕಿತು. ಅವನಿಗೆ ತೋಚಿದಷ್ಟಲ್ಲ, ಸಾಕಾಗುವಷ್ಟು. ಆದ್ದರಿಂದ ಲೆಕ್ಕ ಶುರುವಾಗಬೇಕಾದದ್ದು ಮಗುವಿನಿಂದ. ರೇಷನ್, ಹಾಲು, ಬಟ್ಟೆ, ಶಾಲೆಯ ಫೀಸು, ಪುಸ್ತಕ, ಔಷಧಿ. ಮನೆ ಬಾಡಿಗೆಯನ್ನು ಎಲ್ಲರೂ ಮರೆಯುತ್ತಾರೆ. ತಾಯಿ ಮತ್ತು ಇಬ್ಬರು ಮಕ್ಕಳಿರುವ ಮನೆಗೆ ಆರು ಸಾವಿರವಾದರೆ ನಾಲ್ಕು ಸಾವಿರ ಮಕ್ಕಳದೇ. ಎಲ್ಲ ಕೂಡಿ ಮಕ್ಕಳಿಗೆ ತಿಂಗಳಿಗೆ 9,000 ಆಯಿತೆನ್ನಿ. ತಂದೆಯ ದುಡಿಮೆ 20,000, ಗಾರ್ಮೆಂಟ್ಸಿಗೆ ಹೋಗುವ ತಾಯಿಯದು 10,000. ಆದಾಯಕ್ಕೆ ತಕ್ಕಂತೆ ಹಂಚಿದರೆ ಅವನ ಪಾಲು ಆರು ಸಾವಿರ. ಶರೀಅತ್ ಎಂದು ಎದೆ ತಟ್ಟುವವರ ಮಾತೇ ನಡೆಯಲೆಂದರೆ, ದುಡಿಯಬಲ್ಲ ತಂದೆ ಒಂಬತ್ತನ್ನೂ ಕೊಡಬೇಕು! ಜ್ವರ ಬಂದ ಮಗುವಿನ ಪಕ್ಕ ರಾತ್ರಿಯಿಡೀ ಕೂತವಳ ಕೂಲಿಯನ್ನು ನಾನಿನ್ನೂ ಸೇರಿಸಿಲ್ಲ.

‘ಗಣಿ ಮುಚ್ಚಿಹೋಯಿತು, ಎಲ್ಲಿಂದ ತರಲಿ?’ ಎಂಬುದು ನಮ್ಮ ಕಡೆಯ ಹಳೆಯ ನೆಪ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅದೇ ವರ್ಷ ಜೀವನಾಂಶಕ್ಕಿದ್ದ ತಿಂಗಳಿಗೆ 500 ರೂಪಾಯಿಯ ಮಿತಿಯೂ ಹೋಯಿತು, ಅದನ್ನು ನೆನೆಸಿಕೊಳ್ಳುವವರಿಲ್ಲ. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರೆಷ್ಟು! ಸಂಬಳದ ಚೀಟಿ ಇಲ್ಲವೆಂದ ಮಾತ್ರಕ್ಕೆ ಸಂಪಾದನೆ ಇಲ್ಲವೆಂದಲ್ಲ. ಗಂಡ-ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಬೇಕು, ಹಣ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಸಾಕಬೇಕೆಂದು 2022ರಲ್ಲಿ ಮತ್ತೆ ಹೇಳಿದೆ.

ಹಳೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ತಾಯಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಗಂಡನನ್ನು ಹುಡುಕಿಕೊಂಡು ಬೆಂಗಳೂರಿಗೆ ಅಲೆಯಬೇಕಿಲ್ಲ. ಮಧ್ಯಂತರ ಹಣದ ಅರ್ಜಿ, ನೋಟಿಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನವಾಗಬೇಕು.

ಕೋರ್ಟಿಗೆ ಹೋದರೆ ಸಮುದಾಯದ ಮಾನ ಹೋಗುತ್ತದೆನ್ನುವ ಹಿರಿಯರು ಮೊದಲು ಸ್ಟಾಂಪ್ ಕಾಗದದ ಆ ಸಾಲನ್ನು ಹೊಡೆದುಹಾಕಲಿ. ಅಲ್ಲಿ ಪ್ರತಿ ಮಗುವಿನ ಹೆಸರು, ತಿಂಗಳ ಮೊತ್ತ, ಕೊಡಬೇಕಾದ ತಾರೀಖು, ವರ್ಷ ವರ್ಷ ಏರಬೇಕಾದ ಹಣ ಎಲ್ಲವನ್ನೂ ಬರೆಸಿ, ಕೆಳಗೆ ತಾವೂ ಜಾಮೀನಿನ ಸಹಿ ಹಾಕಲಿ.