ಠಾಣೆಯ ಕೆಲಸ ದೊಣ್ಣೆಯವರಿಗೆ ಕೊಟ್ಟವರು ಯಾರು?

ಹಟ್ಟಿಯಂಗಡಿಯಿಂದ ತಲ್ಲೂರು ದಾಟಿ ಕುಂದಾಪುರಕ್ಕೆ ಹೋಗುವ ಬಾಡಿಗೆ ಟೆಂಪೋವನ್ನು ರಾತ್ರಿ ಹೊತ್ತು ಯಾರು ಅಡ್ಡ ಹಾಕಬಹುದು? ಪೊಲೀಸರು, ಆರ್‌ಟಿಓದವರು. ದೊಣ್ಣೆ ಹಿಡಿದ ಹತ್ತು ಜನಕ್ಕೆ ಆ ಅಧಿಕಾರ ಯಾವ ಕಾನೂನೂ ಕೊಟ್ಟಿಲ್ಲ.

ಆದರೂ ನಮ್ಮ ಜಿಲ್ಲೆಯಲ್ಲಿ ನಡೆದದ್ದೇನು? 2005ರಲ್ಲಿ ಆದಿಉಡುಪಿಯಲ್ಲಿ ದನದ ವ್ಯಾಪಾರದ ಅಪ್ಪ-ಮಗನ ಬಟ್ಟೆ ಬಿಚ್ಚಿಸಿ ಹೊಡೆದರು. 2016ರಲ್ಲಿ ಕೆಂಜೂರಿನಲ್ಲಿ ಕರು ಸಾಗಿಸುತ್ತಿದ್ದ ಯುವಕನನ್ನು ಬಡಿದು ಕೊಂದರು. ಸತ್ತವನು ಬಿಜೆಪಿ ಕಾರ್ಯಕರ್ತನೇ! ದೊಣ್ಣೆಗೆ ಪಕ್ಷ ಗೊತ್ತಾಗುತ್ತದೆಯೇ ಮಾರಾಯ್ರೇ?

ಇವೆಲ್ಲ ಖಾಸಗಿಯವರ ಗಲಾಟೆ, ಸರ್ಕಾರಕ್ಕೆ ಸಂಬಂಧ ಇಲ್ಲ ಅಂತ ಹೇಳುವವರು 2018ರ ಪೆರ್ಡೂರನ್ನು ನೆನಪಿಸಿಕೊಳ್ಳಲಿ. ಮೇ ತಿಂಗಳ ಕೊನೆಯಲ್ಲಿ ದನದ ವ್ಯಾಪಾರಿಯೊಬ್ಬರು ಅಲ್ಲಿ ಹೆಣವಾಗಿ ಸಿಕ್ಕರು. ಸಂಘಟನೆಯ ಹುಡುಗರ ಜೊತೆಗೆ ಹಿರಿಯಡ್ಕ ಠಾಣೆಯ ಎಸ್‌ಐ ಸೇರಿ ಪೊಲೀಸರೂ ಬಂಧನಕ್ಕೊಳಗಾದರು. ಹಲ್ಲೆಗೆ ಜೊತೆಯಾದರು, ಆಮೇಲೆ ಮುಚ್ಚಿ ಹಾಕಲು ನೋಡಿದರು ಎಂಬುದು ಆರೋಪ. ಸಂಬಳ ಕೊಟ್ಟದ್ದು ಸರ್ಕಾರ, ಖಾಕಿ ಹೊಲಿಸಿಕೊಟ್ಟದ್ದೂ ಸರ್ಕಾರ. ಹಾಗಿದ್ದ ಮೇಲೆ ಹೊಣೆ ಮಾತ್ರ ಬೇರೆಯವರದ್ದಾ?

ಹಟ್ಟಿಯಿಂದ ದನ ಕದ್ದುಹೋದ ಬಡವನ ಸಂಕಟ ಸುಳ್ಳಲ್ಲ. ಆತ ದೂರು ಕೊಟ್ಟರೆ ಠಾಣೆಯವರು "ನಾಳೆ ಬಾ" ಅನ್ನಬಾರದು. ಕಳ್ಳನನ್ನು ಹಿಡಿಯದೆ ಕೂರುವುದೂ ದೊಣ್ಣೆಯವರನ್ನು ಕಂಡು ಕಣ್ಣು ಮುಚ್ಚುವುದೂ ಒಂದೇ ಠಾಣೆಯ ಎರಡು ಸೋಮಾರಿತನ.

ಛತ್ತೀಸ್‌ಗಢದಲ್ಲಿ ಸರ್ಕಾರವೇ ಆದಿವಾಸಿ ಹುಡುಗರಿಗೆ ತಿಂಗಳಿಗೆ 3,000 ರೂಪಾಯಿ ಕೊಟ್ಟು ಬಂದೂಕು ಹಿಡಿಸಿ ನಕ್ಸಲರ ಮೇಲೆ ಬಿಟ್ಟಿತ್ತು. 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ವಿರುದ್ಧ ಎಂದು ನಿಲ್ಲಿಸಿತು. ನಮ್ಮಲ್ಲಿ ಬಂದೂಕು ಕೊಡಲಿಲ್ಲ, ಸರಿ. ಸುಮ್ಮನಿದ್ದು ಧೈರ್ಯ ಕೊಟ್ಟದ್ದು ಯಾವ ಲೆಕ್ಕಕ್ಕೆ?

2018ರ ಜುಲೈ 17ರಂದು ಅದೇ ಕೋರ್ಟು ಗುಂಪು ಹಲ್ಲೆ ತಡೆಯಲು ಜಿಲ್ಲೆಗೊಬ್ಬ ಎಸ್‌ಪಿ ದರ್ಜೆಯ ನೋಡಲ್ ಅಧಿಕಾರಿ ಇರಬೇಕೆಂದಿತು. ಸತ್ತವರ ಮನೆಯವರಿಗೆ 30 ದಿನದೊಳಗೆ ಮಧ್ಯಂತರ ಪರಿಹಾರ ಕೊಡಿ, ತಡೆಯದ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಜರುಗಿಸಿ ಎಂದೂ ಆದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಜನ ಅಥವಾ ಹೆಚ್ಚಿನವರು ಸೇರಿ ಜಾತಿ, ಕೋಮು, ಭಾಷೆಯಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಇಲ್ಲವೇ ಜೀವಾವಧಿ. ಆದರೆ ನೋಡುತ್ತಾ ನಿಂತ ಅಧಿಕಾರಿಯ ಬಗ್ಗೆ ಆ ಕಲಮಿನಲ್ಲಿ ಒಂದು ಮಾತಿಲ್ಲ.

ಆ ನೋಡಲ್ ಅಧಿಕಾರಿಯ ಹೆಸರು, ಫೋನ್ ನಂಬರನ್ನು ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ, ಬಸ್ಸು ನಿಲ್ಲುವ ಊರೂರಲ್ಲಿ ಬೋರ್ಡ್ ಬರೆಸಿ ಹಾಕಿಸಲಿ. ರಾತ್ರಿ ಹನ್ನೆರಡಕ್ಕೆ ಟೆಂಪೋದವನು ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎಂದು ನೋಡೋಣ.