ಉಳಿದ ನೀರು ಯಾರಿಗೆ?

ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಿರಿ, ನೀರು ಉಳಿಸಿರಿ ಎಂದು ಸರಕಾರವು ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ರೈತರಿಗೆ ಹೇಳುತ್ತಿದೆ. ಮಾತಿನಲ್ಲಿ ತಪ್ಪಿಲ್ಲ. ಆದರೆ ಉಳಿದ ನೀರು ಯಾರಿಗೆ ಸಲ್ಲಬೇಕೆಂಬುದನ್ನು ಅದು ಹೇಳುತ್ತಿಲ್ಲ.

ಅಡಿಕೆ ಮರಕ್ಕೆ ತಾಯಿಬೇರಿಲ್ಲ. ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಒಂದು ಮೀಟರಿನೊಳಗೆ, ಮೇಲುಮಣ್ಣಿನಲ್ಲಿಯೇ ಹರಡಿರುತ್ತವೆ. ಮಾವು ಹೂ ಬಿಡುವ ಮೊದಲು ಒಣಹವೆಯನ್ನು ಬೇಡುತ್ತದೆ. ಆಗ ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತದೆ. ಅಡಿಕೆಗೆ ಆ ಸೈರಣೆಯಿಲ್ಲ. ಹಿಂಗಾರ ಒಡೆಯುವ ಬೇಸಿಗೆಯಲ್ಲಿ ಬೇರಿಗೆ ತೇವ ತಪ್ಪಿದರೆ ಎಳೆಕಾಯಿ ಉದುರುತ್ತದೆ, ಮತ್ತು ಬರ ತಿಂದ ಮರವು ಮೊದಲಿನ ಫಸಲಿಗೆ ಮರಳಲು ಎರಡು ಮೂರು ವರ್ಷ ಹಿಡಿಯುತ್ತದೆ. ಬುಡಕ್ಕೆ ನೀರು ಹಾಯಿಸುವವರು ಕಡುಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರು ಕೊಡಬೇಕು. ಹನಿಯಲ್ಲಾದರೆ ದಿನಕ್ಕೆ 16ರಿಂದ 20 ಲೀಟರು ಸಾಕು. ಸುಮಾರು ಅರ್ಧದಷ್ಟು ನೀರು ಉಳಿಯಿತು. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ.

ಆದರೆ ಹನಿಗೆ ನೀರು ದಿನವೂ ಬೇಕು, ಭದ್ರಾ ನಾಲೆಯ ನೀರು ಬರುವುದು ಸರದಿಯಲ್ಲಿ. ನಡುವಿನ ದಿನಗಳನ್ನು ದಾಟಿಸಲು ಹೊಂಡವೋ ಕೊಳವೆಬಾವಿಯೋ ಇರಬೇಕು. ಅದು ಯಾರಲ್ಲಿದೆ? ಅರ್ಧ ಎಕರೆಯನ್ನು ಹೊಂಡಕ್ಕೆ ಬಿಡಬಲ್ಲವನಲ್ಲಿ. ಸಹಾಯಧನವೇನೋ ಉಂಟು, ಅದಕ್ಕೆ ಪಹಣಿ ಬೇಕು. ತಲೆಮಾರಿನಿಂದ ಉಳುತ್ತಿದ್ದರೂ ಪಹಣಿಯಲ್ಲಿ ಹೆಸರಿಲ್ಲದ ಬಗರ್‌ಹುಕುಂ ಸಾಗುವಳಿದಾರನು ಅರ್ಜಿಯನ್ನಾದರೂ ಹೇಗೆ ಹಾಕಬೇಕು? 1951ರಲ್ಲಿ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆ ಇದೇ ಜಿಲ್ಲೆಯಲ್ಲಿ ಈಗ ನೀರಿನ ರೂಪದಲ್ಲಿ ಬಂದಿದೆ.

ಇನ್ನೊಂದು ಮಾತು. ನಾಲೆಯ ತಲೆಯಲ್ಲಿರುವ ತೋಟದವನು ಉಳಿಸಿದ ನೀರಿನಿಂದ ಮತ್ತೆರಡು ಎಕರೆ ಗದ್ದೆಯನ್ನು ತೋಟ ಮಾಡಿದರೆ ನಾಲೆಯ ಕೊನೆಗೆ ಒಂದು ಹನಿಯೂ ಹೆಚ್ಚಾಗಿ ಹರಿಯದು. ಗದ್ದೆಯನ್ನು ಒಂದು ವರ್ಷ ಬೀಳು ಬಿಡಬಹುದು, ತೋಟವನ್ನು ಬಿಡಲಾಗದು. ಆದ್ದರಿಂದ ಬರ ಬಂದಾಗ ಬೇಡಿಕೆ ಇಳಿಯುವ ಬದಲು ಏರುತ್ತದೆ. 2023ರಲ್ಲಿ ಅಚ್ಚುಕಟ್ಟಿನ ರೈತರು ನೀರಿಗಾಗಿ ಬೀದಿಗಿಳಿದುದನ್ನು ನಾವು ಮರೆತಿಲ್ಲ. (ಕೊಳವೆ ಮಾರುವ ವರ್ತಕನು ಈ ಲೆಕ್ಕವನ್ನು ಹೇಳುವುದಿಲ್ಲ, ಅವನಿಂದ ಅದನ್ನು ನಿರೀಕ್ಷಿಸುವುದೂ ತಪ್ಪು.)

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಊರ ಕೆರೆಗಳ ಹೂಳೆತ್ತಿ, ನಾಲೆಯ ನೀರನ್ನು ಅಲ್ಲಿ ತುಂಬಿಸಿ, ಸಣ್ಣ ಹಿಡುವಳಿದಾರರಿಗೆ ಅಲ್ಲಿಂದ ಸಾಮೂಹಿಕವಾಗಿ ಹನಿಕೊಳವೆ ಎಳೆಯಬೇಕು. ಸಾಗುವಳಿಯ ಪುರಾವೆಯನ್ನೇ ಸಹಾಯಧನಕ್ಕೆ ಆಧಾರವಾಗಿ ಒಪ್ಪಬೇಕು. ತಲೆಭಾಗದಲ್ಲಿ ಎಷ್ಟು ನೀರು ಉಳಿಯಿತು, ಕೊನೆಭಾಗಕ್ಕೆ ಎಷ್ಟು ತಲುಪಿತು ಎಂಬ ಲೆಕ್ಕವನ್ನು ಪ್ರತಿ ಬೇಸಿಗೆಯಲ್ಲೂ ಪಂಚಾಯಿತಿ ಕಟ್ಟೆಯ ಮೇಲೆ ಬರೆದು ಹಾಕಬೇಕು.