ಗಡಿ ಅರಿಯದ ವಿಷ
ಸುಸ್ಥಿರ ಕೃಷಿಗೆ ದೇಶಕ್ಕೆಲ್ಲ ಸಮಾನ ನೀತಿ ಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ಕರಾವಳಿಯವರು ಎಂಡೋಸಲ್ಫಾನ್ ಕೀಟನಾಶಕವನ್ನು ನೆನಪಿಸಬೇಕು. ಕೇರಳದ ಕಾಸರಗೋಡಿನಲ್ಲೂ ಕರ್ನಾಟಕದ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತಲೂ ಸರಕಾರಿ ನಿಗಮಗಳ ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ಕೀಟದ ಕಾಟ ತಡೆಯಲೆಂದು ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಲಾಯಿತು. ಅದು ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. ಬಾವಿ, ತೋಡು, ಅಂಗಳಕ್ಕೂ ಇಳಿಯಿತು. ಕೇರಳದಲ್ಲಿ ಮೊದಲೇ ನಿಷೇಧವಾಗಿದ್ದರೂ ಕರ್ನಾಟಕ ಎಚ್ಚೆತ್ತದ್ದು 2011ರಲ್ಲಿ. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶವ್ಯಾಪಿ ತಡೆ ನೀಡಿತು. ನಡುವಿನ ವರ್ಷಗಳ ಹಾನಿಯ ಲೆಕ್ಕ ಕೊಡುವವರು ಯಾರು?

ಕೃಷಿ ರಾಜ್ಯಗಳ ವಿಷಯ, ಪಂಜಾಬಿನ ಗೋಧಿಗೂ ನಮ್ಮ ಅಡಿಕೆಗೂ ಒಂದೇ ಅಳತೆಗೋಲು ಸಲ್ಲದು ಎಂಬ ಆಕ್ಷೇಪ ಸರಿಯೇ. ಆದರೆ ಬೆಳೆ, ನೀರು, ಗೊಬ್ಬರದ ಆಯ್ಕೆ ಬೇರೆ. ವಿಷದ ಮಿತಿ ಬೇರೆ. 1968ರ ಕೀಟನಾಶಕ ಕಾಯ್ದೆ ಮೂಲದಲ್ಲಿ ರಾಜ್ಯಗಳಿಗೆ ಕೊಟ್ಟದ್ದು 60 ದಿನಗಳ, ಹೆಚ್ಚೆಂದರೆ ಮತ್ತೆ 30 ದಿನಗಳ ನಿಷೇಧದ ಅಧಿಕಾರ ಮಾತ್ರ. ಗೇರು ಚಿಗುರಿ ಕೊಯ್ಲಿಗೆ ಬರುವಷ್ಟು ಕಾಲಕ್ಕೂ ಅದು ಸಾಲದು! ಶಾಶ್ವತ ನಿಷೇಧ ಕೇಂದ್ರದ ಕೈಯಲ್ಲಿದೆ ಎಂದ ಮೇಲೆ, ಎಲ್ಲ ರಾಜ್ಯಗಳ ಆರೋಗ್ಯ ವರದಿಗಳನ್ನು ತರಿಸಿ ನೋಡಿಯೇ ಅದು ಕೀಟನಾಶಕಗಳಿಗೆ ಅನುಮತಿ ಕೊಡಲಿ. ತಲಪಾಡಿ ಗಡಿಯ ಆಚೆ ನಿಷೇಧವಾದದ್ದು ಈಚೆಯ ಅಂಗಡಿಯಲ್ಲಿ ಸಿಗದಿರಲಿ.